ತಮ್ಮ ಬಿಟ್ಟ ಸಾಲು

ಡೆಲ್ಫಿಯಾಳಿಗೂ ತಮ್ಮ ಆರ್ವಿಲ್‌ಗೂ ಹಾಡು ಅಮ್ಮನಿಂದ ಬಂದದ್ದು. ಒಲೆಯ ಮುಂದೆ ಅವರೆಕಾಯಿ ಬಿಡಿಸುತ್ತ ಅಮ್ಮ ಶುರುಮಾಡಿದರೆ ಮಕ್ಕಳಿಬ್ಬರೂ ದನಿಗೂಡಿಸುತ್ತಿದ್ದರು. ಮದುವೆಯಾಗಿ ಡೆಲ್ಫಿಯಾ ಸೇರಿದ ಮನೆ ಹಳೇ ಬ್ಯಾಪ್ಟಿಸ್ಟರದು, ವಾದ್ಯವಿಲ್ಲದೆ ಬರಿದನಿಯಲ್ಲೇ ಹಾಡುವ ಕ್ರೈಸ್ತ ಪಂಥದವರದು. ಪಿಟೀಲು, ಗಿಟಾರು ಭಕ್ತರಿಗೆ ಸಲ್ಲವೆಂದು ಮಾವ ಒಂದೇ ಮಾತಿನಲ್ಲಿ ಹೇಳಿದ್ದರು. ಅವಳು ಎದುರಾಡಲಿಲ್ಲ. ಅಂದಿನಿಂದ ಚರ್ಚಿನಲ್ಲಿ ಮಾತ್ರ ಹಾಡಿದಳು. ಗಂಡ ತೀರಿಕೊಂಡ ಮೇಲೂ ಆ ಕಟ್ಟು ಸಡಿಲಲಿಲ್ಲ.

ಆರ್ವಿಲ್ ಗಣಿಗೆ ಇಳಿದ. ಶನಿವಾರ ಸಂಜೆ ಕಣಿವೆಯ ಹಳೇ ಶಾಲೆಯಲ್ಲಿ ಹತ್ತಾರು ಜನ ವಾದ್ಯ ಹಿಡಿದು ಕೂತರೆ, ಮೈಕಿಲ್ಲದೆ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದದ್ದು ಅವನ ದನಿ. ವರ್ಷಗಳು ಕಳೆದಂತೆ ಕಲ್ಲಿದ್ದಲ ಧೂಳು ಎದೆಯಲ್ಲಿ ಕೂತಿತು. ಗಾಡಿ ಓಡಿಸಲಾಗದೆ ಹೋದಾಗ ಅಕ್ಕನೇ ಅವನನ್ನು ಶಾಲೆಗೆ ತಂದುಬಿಡತೊಡಗಿದಳು. ಅವನು ಒಳಗೆ, ಅವಳು ಹೊರಗೆ ಟ್ರಕ್ಕಿನಲ್ಲಿ.

"ಗಾಜಾದ್ರೂ ಇಳ್ಸಕ್ಕಾ. ಕೇಳಿದ್ರೆ ಪಾಪ ಬರಲ್ಲ."

"ಸೊಳ್ಳೆ ಬರ್ತಾವೆ ಕಣೋ."

"ಈ ಹಿಮದಲ್ಲಾ?"

"ನಮ್ಮೂರ ಸೊಳ್ಳೆ ನಿನಗೇನು ಗೊತ್ತು, ಹೋಗು ಒಳಗೆ."

ಅವನು ಹೋದ ಮೇಲೆ ನಾಲ್ಕು ಬೆರಳಗಲ ಗಾಜು ಇಳಿಸುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

ಆ ಚಳಿಗಾಲದ ಒಂದು ಸಂಜೆ ಆರ್ವಿಲ್ ಮಫ್ಲರನ್ನು ಸೀಟಿನ ಮೇಲೆಯೇ ಬಿಟ್ಟು ಹೋದ. ಕೊಟ್ಟು ಬರೋಣವೆಂದು ಡೆಲ್ಫಿಯಾ ಬಾಗಿಲವರೆಗೆ ಹೋದಳು. ಅವನು ಅಮ್ಮನ ಹಾಡು ಎತ್ತಿಕೊಂಡಿದ್ದ: ನದಿ ದಾಟಿ ಹೋದ ಮಗಳನ್ನು ಕರೆಯುವ ಹಾಡು. ಮೊದಲ ಸಾಲು ಸರಾಗವಾಗಿ ಬಂತು. ಎರಡನೆಯದರ ನಡುವೆ ಉಸಿರು ಕಡಿದು ಕೆಮ್ಮು ಒತ್ತರಿಸಿತು. ಪಿಟೀಲಿನ ಕ್ಲೀಟಸ್, ಏನೂ ಆಗಿಲ್ಲವೆಂಬಂತೆ, ಅದೇ ಮಟ್ಟನ್ನು ಇನ್ನೊಂದು ಸುತ್ತು ನುಡಿಸಿದ. ಆರ್ವಿಲ್ ಮತ್ತೆ ಶುರುಮಾಡಿದ. ಮತ್ತೆ ಅಲ್ಲಿಗೇ ನಿಂತ. ಜನ ನೆಲ ನೋಡಿದರು.

ಎರಡನೆಯ ಸಾಲು ಬಾಗಿಲ ಕಡೆಯಿಂದ ಬಂತು.

ಡೆಲ್ಫಿಯಾ ಯೋಚಿಸಿ ಹಾಡಿದ್ದಲ್ಲ. ಚರ್ಚಿನಲ್ಲಿ ಹಿರಿಯರು ಒಂದು ಸಾಲು ಹೇಳಿಕೊಟ್ಟರೆ ಉಳಿದವರು ಎಳೆದು ಹಾಡುವುದು ರೂಢಿ. ಬಾಯಿ ತಾನಾಗಿ ತೆರೆದಿತ್ತು. ಅವಳು ಸಾಲು ಮುಗಿಸುವಷ್ಟರಲ್ಲಿ ಆರ್ವಿಲ್‌ಗೆ ಉಸಿರು ಕೂಡಿಬಂದಿತ್ತು. ಅವಳ ಕಡೆ ತಿರುಗದೆ ಮೂರನೆಯದನ್ನು ಹಾಡಿದ. ನಾಲ್ಕನೆಯದು ಅವಳದು. ಹಾಗೇ ಹಾಡು ದಡ ಸೇರಿತು.

"ನನ್ನ ಸಾಲು ಕದ್ದೆಯಲ್ಲಕ್ಕಾ," ಎಂದ ಆರ್ವಿಲ್, ಕಣ್ಣೊರೆಸಿಕೊಳ್ಳುತ್ತ.

"ನೀನು ದಾರೀಲಿ ಬೀಳಿಸ್ಕೊಂಡಿದ್ದೆ, ಎತ್ಕೊಂಡೆ. ಮಫ್ಲರ್ ಸುತ್ಕೋ ಮೊದ್ಲು."

ಭಾನುವಾರ ಚರ್ಚಿನ ಹಿರಿಯ ಹಾರ್ಗಿಸ್ ಅವಳನ್ನು ತಡೆದು ನಿಲ್ಲಿಸಿದರು. "ಪಿಟೀಲಿನ ಜೊತೆ ಹಾಡಿದೆಯಂತೆ, ತಂಗೀ?"

"ತಮ್ಮನ ಜೊತೆ ಹಾಡಿದೆ ಅಣ್ಣಾ. ಪಿಟೀಲು ಅಲ್ಲೇ ಇತ್ತು."

ಅವರೂ ಮೂವತ್ತು ವರ್ಷ ಗಣಿಯಲ್ಲಿ ಬೆವರು ಸುರಿಸಿದವರು. ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಅವನ ಉಸಿರು ಹೇಗಿದೆ?" ಎಂದಷ್ಟೇ ಕೇಳಿದರು.

ಆಮೇಲೆ ಪ್ರತಿ ಶನಿವಾರವೂ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಆರ್ವಿಲ್‌ನ ಸಾಲುಗಳು ಬರಬರುತ್ತ ಚಿಕ್ಕವಾದವು. ಡೆಲ್ಫಿಯಾ ಬೇಗ ಬೇಗ ಎತ್ತಿಕೊಳ್ಳುವುದನ್ನು ಕಲಿತಳು. ಕೊನೆಯ ವಾರಗಳಲ್ಲಿ ಅವನು ತುಟಿ ಮಾತ್ರ ಅಲ್ಲಾಡಿಸುತ್ತಿದ್ದ. ಆಗಲೂ ಅವಳು ಅವನ ಸರದಿಗೆಂದು ಒಂದು ಗಳಿಗೆ ತಡೆದು ಮುಂದುವರಿಯುತ್ತಿದ್ದಳು.

ಅದಾದ ಎರಡನೆಯ ವಸಂತದಲ್ಲಿ ಅವನನ್ನು ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು. ಅದರ ಮುಂದಿನ ಶನಿವಾರ ಡೆಲ್ಫಿಯಾ ಒಬ್ಬಳೇ ಶಾಲೆಗೆ ಬಂದಾಗ ಬೆಂಚಿನ ಮೇಲಿದ್ದವರು ಸರಿದು ಜಾಗ ಮಾಡಿದರು.

"ಯಾವ್ದು ಬಾರ್ಸ್ಲಿ ಅಕ್ಕಾ?" ಕ್ಲೀಟಸ್ ಮೆಲ್ಲಗೆ ಕೇಳಿದ.

"ಕುಣಿಯೋ ಅಂಥಾದ್ದು ಬಾರ್ಸೋ. ಅಳುಮುಂಜಿಗಳನ್ನ ಕಂಡ್ರೆ ಅವನಿಗೆ ಆಗ್ತಿರ್ಲಿಲ್ಲ."

ಮೊದಲ ನುಡಿ ಗಟ್ಟಿಯಾಗಿಯೇ ಹಾಡಿದಳು. ಎರಡನೆಯದರಲ್ಲಿ ಅವನ ಸಾಲಿಗೆಂದು ತಡೆದವಳು ಮುಂದುವರಿಯಲಾರದೆ ಹೋದಳು. ಕ್ಲೀಟಸ್ ಇನ್ನೊಂದು ಸುತ್ತು ನುಡಿಸಬೇಕಾಗಲಿಲ್ಲ. ಬೆಂಚುಗಳ ಮೇಲಿದ್ದವರೆಲ್ಲ ಆ ಸಾಲನ್ನು ಎತ್ತಿಕೊಂಡರು.