ಹುಚ್ಚಕ್ಕ ಮುಟ್ಟಿರದ ನರ

ಬಿ.ಜಿ. ಕೆರೆ ಊರಲ್ಲಿ ಕೈ ಉಳುಕಿದವರು ಆಸ್ಪತ್ರೆಗೆಂದು ಚಳ್ಳಕೆರೆ ಬಸ್ಸು ಹತ್ತುವ ಮೊದಲು ಹುಚ್ಚಕ್ಕನ ಕಟ್ಟೆಗೆ ಬರುತ್ತಿದ್ದರು. ಹರಳೆಣ್ಣೆ ಸವರಿ, ಹೆಬ್ಬೆರಳಲ್ಲಿ ತಡವಿ, ‘ನರ ಹಿಡ್ಕಂಡೈತೆ’ ಎನ್ನುವಳು. ಒಂದೇ ಒತ್ತಿಗೆ ಉಳುಕು ಬಿಡುತ್ತಿತ್ತು. ಅಕ್ಷರ ತಲೆಗೆ ಹತ್ತದಿದ್ದರೂ ಮೈಯೊಳಗಿನ ನರವೆಲ್ಲ ತನಗೆ ಗೊತ್ತೆಂಬ ಹಮ್ಮು ಅವಳಿಗೆ. ಆ ವಿದ್ಯೆ ಕಲಿಯೆಂದರೆ ಮಗಳು ರೇಣುಕಮ್ಮ ಮಾತ್ರ, ಎಣ್ಣೆಗೈ ತನಗೆ ಬೇಡವೆಂದು ಜಾರಿಕೊಳ್ಳುತ್ತಿದ್ದಳು.

ಎರಡು ಸಾವಿರದ ಏಳರಲ್ಲಿ ಹುಚ್ಚಕ್ಕನ ಲಿವರಿಗೆ ಕ್ಯಾನ್ಸರ್ ಬಂತು. ಒಂದು ಬೆಳಿಗ್ಗೆ ಅಂಗಳದಲ್ಲೇ ರಕ್ತ ಕಾರಿಕೊಂಡಳು. ರೇಣುಕಮ್ಮ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದಳು.

‘ಲಿವರಿನ ಗಡ್ಡೆಯಿಂದಾಗಿ ಹೊಟ್ಟೆಯ ನರ ಉಬ್ಬಿ ಒಡೆದಿದೆಯಮ್ಮ. ಮುಚ್ಚದಿದ್ದರೆ ಜೀವಕ್ಕೇ ಅಪಾಯ’ ಎಂದರು ಡಾಕ್ಟರು. ಹೊಟ್ಟೆ ಕೊಯ್ಯುವುದಿಲ್ಲ, ತೊಡೆಸಂದಿಯಲ್ಲಿ ಚುಚ್ಚಿ, ಸಣ್ಣ ಕೊಳವೆಯೊಂದನ್ನು ಆ ನರದವರೆಗೂ ಕಳಿಸಿ, ಔಷಧ ಬಿಟ್ಟು ಮುಚ್ಚುವುದು ಎಂದು ವಿವರಿಸಿದರು.

‘ನರ ಮುಚ್ಚಿದ್ರೆ ಕೈಕಾಲು ಬಿದ್ದೋಗ್ತಾವೆ. ಕೈ ಹೋದ್ಮ್ಯಾಲೆ ನಾನಿದ್ದೇನು ಮಾಡ್ಲಪ್ಪ? ಬ್ಯಾಡ.’

ರೇಣುಕಮ್ಮ ಅತ್ತಳು, ಬೈದಳು. ಹುಚ್ಚಕ್ಕ ಜಗ್ಗಲಿಲ್ಲ. ಕೊನೆಗೆ ಡಾಕ್ಟರು ಅವಳ ಮುಂಗೈ ಮೇಲೆ ಉಬ್ಬಿದ್ದ ಹಸಿರು ನರವನ್ನು ಒತ್ತಿ ಹಿಡಿದರು.

‘ಈಗ ಇದು ಮುಚ್ಚಿದೆ. ಬೆರಳಾಡಿಸಿ.’

ಐದೂ ಬೆರಳು ಆಡಿದವು.

‘ಇದು ರಕ್ತ ಹರಿಯೋ ನರ. ಬೆರಳಾಡಿಸೋ ನರ ಬೇರೆ.’

ನರವೆಂಬ ಒಂದೇ ಹೆಸರಲ್ಲಿ ಇಬ್ಬರು ಸಂಸಾರ ಮಾಡುತ್ತಿದ್ದಾರೆಂದು ಹುಚ್ಚಕ್ಕನಿಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ನಾಚಿಕೆಯಾಯಿತು.

‘ಗಡ್ಡೆ ಹೋಗ್ತೈತಾ?’

‘ಇಲ್ಲಮ್ಮ. ರಕ್ತ ನಿಲ್ಲಿಸೋಕೆ ಮಾತ್ರ ಇದು.’

‘ಅಷ್ಟು ಮಾಡಪ್ಪ, ಸಾಕು.’

ನರ ಮುಚ್ಚಿದ ಮರುದಿನ ಅವಳನ್ನು ನೋಡಲು ಬಂದ ಡಾಕ್ಟರು ಭುಜ ಒತ್ತಿಕೊಳ್ಳುತ್ತಿದ್ದರು. ದಿನವೆಲ್ಲ ಎಕ್ಸ್‌ರೇ ತಡೆಯುವ ಸೀಸದ ಭಾರದ ಅಂಗಿ ತೊಟ್ಟು ಕೊಳವೆ ತೂರಿಸುವ ಕೆಲಸ ಅವರದು. ‘ಕುಂತ್ಕಳಪ್ಪ’ ಎಂದು ಹುಚ್ಚಕ್ಕ ಹೆಬ್ಬೆರಳೂರಿದಳು. ಡಾಕ್ಟರು ಸಲೀಸಾಗಿ ಭುಜ ತಿರುಗಿಸಿದರು. ‘ಕೈ ಐತೆ ಕಣೇ’ ಎಂದು ಅವಳು ಮಗಳತ್ತ ನೋಡಿ ನಕ್ಕಳು.

ಆಮೇಲೆ ಏಳು ತಿಂಗಳು ಬದುಕಿದಳು. ಮತ್ತೆ ರಕ್ತ ಕಾರಲಿಲ್ಲ. ರೇಣುಕಮ್ಮ ಈ ಸಲ ಜಾರಿಕೊಳ್ಳಲಿಲ್ಲ; ದಿನಾ ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಅವ್ವನ ಪಕ್ಕ ಕಲಿಯಲು ಕೂತಳು.

ಕೊನೆಯ ವಾರ ಹುಚ್ಚಕ್ಕನಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ. ಮಗಳೇ ಆ ಕೈಗೆ ಎಣ್ಣೆ ಸವರಿ ನೀವಿದಳು. ಹುಚ್ಚಕ್ಕ ಕಣ್ಣು ತೆರೆಯದೆ, ‘ಸ್ವಲ್ಪ ಮ್ಯಾಲೆ’ ಎಂದಳು. ರೇಣುಕಮ್ಮನ ಹೆಬ್ಬೆರಳು ಸರಿದು ನಿಂತಿತು.

‘ಅದೇ’ ಎಂದಳು ಹುಚ್ಚಕ್ಕ.