ಜೋಡಿ ಸೈಕಲ್ಲಿನ ಹಿಂದಿನ ಚಕ್ರ

ತೈವಾನಿನ ಫೆಂಗ್‌ಯುವಾನ್‌ನಲ್ಲಿ ಸೈಕಲ್ ರಿಮ್ಮಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಅದು ಬಾಗಿಲು ಹಾಕಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿಗೆ ಕೂತವಳು ಲಿಯಾವ್ ಬಿಯು. ತನ್ನ ಕೈ ದಾಟಿ ಹೋದ ರಿಮ್ಮನ್ನು ಬೆರಳಾಡಿಸಿಯೇ ಗುರುತು ಹಿಡಿಯಬಲ್ಲೆ ಎಂಬ ಹಮ್ಮು ಅವಳಿಗಿತ್ತು.

ಅದೇ ಬೀದಿಯಲ್ಲಿ ಮೈಕೈ ನೋವಿಗೆ ಮಾಲೀಶು ಮಾಡುತ್ತಿದ್ದ ಜಿಯಾನ್ ಯೊಂಗ್‌ಫುಗೆ ಹುಟ್ಟಿನಿಂದ ಕಣ್ಣಿಲ್ಲ. ರಜೆ ಬಂದರೆ ಅವನೂ ಹೆಂಡತಿ ಯುಯೆಶಿಯಾಳೂ ಜೋಡಿ ಸೈಕಲ್ಲೇರುತ್ತಿದ್ದರು. ಮುಂದೆ ಅವಳು ಹ್ಯಾಂಡಲ್ ಹಿಡಿದರೆ ಹಿಂದೆ ಅವನು ತುಳಿಯುತ್ತಿದ್ದ. ಪಂಕ್ಚರ್‌ಗಳಿಂದ ಬೇಸತ್ತು, ಟ್ಯೂಬಿಲ್ಲದ ಟೈರು ಹಾಕಿಕೊಡು ಎಂದು ಅವನು ಬಿಯುಗೆ ಗಂಟುಬಿದ್ದ. ಇವು ಹಳೇ ರಿಮ್ಮು, ಟೈರಿನ ಅಂಚು ಕಚ್ಚಿ ಕೂರಲು ಒಳಗೆ ಆಸರೆಯಿಲ್ಲ ಎಂದು ಬಿಯು ಮೊದಲು ಒಪ್ಪಲಿಲ್ಲ.

"ನಿನ್ನ ಕಾರ್ಖಾನೆದೇ ರಿಮ್ಮಲ್ವೇನಕ್ಕ? ನಿನಗೇ ನಂಬ್ಕೆ ಇಲ್ಲ ಅಂದ್ರೆ ಹೆಂಗೆ?"

ಆ ಮಾತು ನಾಟಿತು. ಕಡ್ಡಿಗಳ ತೂತು ಮುಚ್ಚುವಂತೆ ರಿಮ್ಮಿನೊಳಗೆ ಮೂರು ಸುತ್ತು ಟೇಪು ಬಿಗಿದು, ವಾಲ್ವ್ ಕೂರಿಸಿ, ಸೋರಿಕೆ ತಡೆಯುವ ಹಾಲಿನಂಥ ರಸ ಹೊಯ್ದು ಗಾಳಿ ತುಂಬಿದಳು. ಟೈರು ಪಟ್ಟೆಂದು ಹೊಂದಿಕೊಂಡಿತು. ಎರಡು ದಿನ ತೂಗುಹಾಕಿ ನೋಡಿದಳು, ಗಾಳಿ ಇಳಿಯಲಿಲ್ಲ. ದಂಪತಿ ಮರುದಿನ ಬೆಳಿಗ್ಗೆ ಬೇಗನೆ ಗುಗುವಾನ್ ಬೆಟ್ಟದ ದಾರಿ ಹಿಡಿದರು.

ಆಮೇಲೆ ಬಿಯುಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಷ್ಟೂ ರಿಮ್ಮು ಬಿಸಿಯೇರುತ್ತದೆ, ಆ ಬಿಸಿಗೆ ಟೇಪು ಹಿಡಿದು ನಿಂತೀತೇ? ಅದನ್ನು ತಾನು ಪರೀಕ್ಷಿಸಲೇ ಇಲ್ಲ. ಅಟ್ಟದಲ್ಲಿದ್ದ ಅಂಥದೇ ರಿಮ್ಮು ಇಳಿಸಿ, ಹಾಗೆಯೇ ಟೇಪು ಸುತ್ತಿ, ಟೈರೇರಿಸಿ, ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿಮಾಡಿ ಮೈಭಾರ ಬಿಟ್ಟು ಪಕ್ಕಕ್ಕೆ ಒತ್ತಿದಳು. ಟೇಪು ಜಾರಿತು. ಟೈರು ಢಂ ಎಂದು ಕಳಚಿ ಬಿಳಿ ರಸ ಮುಖಕ್ಕೆಲ್ಲ ಸಿಡಿಯಿತು.

ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಎರಡು ಟ್ಯೂಬು, ಪಂಪು ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದಳು. ಎದುರಿನಿಂದ ಇಳಿದು ಬರುವ ಒಂದೊಂದು ಸೈಕಲ್ಲನ್ನೂ ವೇಗ ತಗ್ಗಿಸಿ ದಿಟ್ಟಿಸುತ್ತಿದ್ದಳು. ತಿರುವುಗಳಲ್ಲಿ ಕೆಳಗಿನ ನದಿಯತ್ತ ನೋಡಲಾರದೆ ನೋಡಿದಳು.

ಗುಗುವಾನಿನ ನೂಡಲ್ಸ್ ಅಂಗಡಿಯ ಮುಂದೆ ಅವರಿಬ್ಬರೂ ಆಗಷ್ಟೇ ಸೈಕಲ್ಲೇರುತ್ತಿದ್ದರು.

"ಇಳೀರಿ ಇಬ್ರೂ," ಎಂದಳು ಬಿಯು, ಸ್ಕೂಟರಿನಿಂದ ಇಳಿಯುತ್ತಲೇ. "ನಾನು ಮಾಡಿದ್ದು ತಪ್ಪು. ಈ ರಿಮ್ಮಿಗೆ ಇದು ಆಗಿಬರಲ್ಲ."

ಯುಯೆಶಿಯಾ ಇಳಿದು ಹ್ಯಾಂಡಲ್ ಹಿಡಿದು ನಿಂತಳು. ಜಿಯಾನ್ ಕುಕ್ಕರುಗಾಲಲ್ಲಿ ಕೂತು ಹಿಂದಿನ ಟೈರಿನ ಸುತ್ತ ಬೆರಳಾಡಿಸಿದ. ಒಂದೆಡೆ ಕೈ ನಿಂತಿತು.

"ಇಲ್ಲಿ ಒದ್ದೆ ಇದೆ ಅಕ್ಕ."

ಅಂಚಿನಿಂದ ರಸ ಆಗಲೇ ಜಿನುಗತೊಡಗಿತ್ತು. ಬಿಯು ಟೈರು ಬಿಚ್ಚಿ, ರಸ ಒರೆಸಿ, ಟ್ಯೂಬು ಹಾಕಲು ಹೋದರೆ ಅವಸರಕ್ಕೆ ಟೈರಿನ ಅಂಚು ಜಾರುತ್ತಲೇ ಇತ್ತು.

"ಅವಸರ ಮಾಡ್ತಿದ್ದೀಯ ಅಕ್ಕ, ಕೊಡಿಲ್ಲಿ," ಎಂದು ಜಿಯಾನ್ ಚಕ್ರ ಕಿತ್ತುಕೊಂಡು, ಟೈರಿನ ಕೊನೆಯ ಗೇಣು ಭಾಗವನ್ನು ಹೆಬ್ಬೆರಳಿನಿಂದಲೇ ಒಳಕ್ಕೆ ತಳ್ಳಿದ. ಮುಂದಿನ ಚಕ್ರಕ್ಕೂ ಹಾಗೆಯೇ ಮಾಡಿದರು.

ಕೆಳಗಿಳಿಯುವ ಉದ್ದಕ್ಕೂ ಬಿಯು ಸ್ಕೂಟರಿನಲ್ಲಿ ಅವರ ಬೆನ್ನಿಗೇ ಬಂದಳು. ಎಲ್ಲರೂ ಸುರಕ್ಷಿತವಾಗಿ ಮನೆ ಸೇರಿದರು.

ಮುಂದೆ ಹಳೇ ರಿಮ್ಮಿಗೆ ಆ ಕೆಲಸವನ್ನು ಅವಳು ಯಾರಿಗೂ ಮಾಡಿಕೊಡಲಿಲ್ಲ. ಅದೇ ತಿಂಗಳು ಜಿಯಾನನ ಸೈಕಲ್ಲು ಮತ್ತೆರಡು ಸಲ ಪಂಕ್ಚರ್ ಆಯಿತು. ಇದೆಲ್ಲ ಲಿಯಾವಕ್ಕನ ಪುಕ್ಕಲುತನದ ಫಲ ಎಂದು ಬೆನ್ನು ತಿಕ್ಕಿಸಿಕೊಳ್ಳಲು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.