ಕೂಗದ ಮಂಕರಿ

ಬೇಸಿಗೆಯ ನಡುಹಗಲಿನಲ್ಲಿ ಮನೆಯೊಳಗೆ ಮಗು ಅಳುತ್ತಿದ್ದರೆ ನನಗೆ ನೆಮ್ಮದಿ. ಸುಮ್ಮನಿದ್ದರೆ ಭಯ. ಈ ಮುದುಕನಿಗೆ ಅರಳುಮರಳು ಎಂದು ಸೊಸೆಯಂದಿರು ನಗುತ್ತಾರೆ. ಮಲಗಿದ ಕೂಸಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡಿ, ಅದನ್ನು ಎಬ್ಬಿಸಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ನಗಲಿ, ಬೈಯಲಿ. ಅವರು ಆ ದಿನವನ್ನು ನೋಡಿದವರಲ್ಲ.

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ವರ್ಷಗಳವು. ನಮ್ಮದು ಹೊಸದುರ್ಗದ ಸೀಮೆಯ ಕುರಿ ಸಾಕುವ ಮನೆತನ. ಯುಗಾದಿ ಕಳೆದು ಊರ ಸುತ್ತಿನ ಹುಲ್ಲು ಒಣಗಿದರೆ ನಾನು, ನನ್ನ ಹೆಂಡತಿ, ನಮ್ಮಪ್ಪ ಮಂದೆ ಹೊಡೆದುಕೊಂಡು ವೇದಾವತಿ ಹೊಳೆಯ ದಂಡೆಗೆ ಇಳಿಯುತ್ತಿದ್ದೆವು. ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ನಮ್ಮ ಹೊಟ್ಟೆಗೆ ರಾಗಿ. ಆ ವರ್ಷ ನಮ್ಮ ಜೊತೆ ಐದು ತಿಂಗಳ ಹೆಣ್ಣು ಕೂಸೂ ಇತ್ತು. ನಮ್ಮ ಮೊದಲನೆಯದು.

ಕುರಿಗಳು ಹಗಲು ಮೇಯಲು ಹೋದಾಗ ಎಳೆಯ ಮರಿಗಳನ್ನು ಬಿಡಾರದಲ್ಲೇ ಬಿದಿರಿನ ದೊಡ್ಡ ಬುಟ್ಟಿ, ಅದೇ ಮಂಕರಿ, ಕವುಚಿ ಅದರಡಿ ಇಡುತ್ತಿದ್ದೆವು. ಹದ್ದು, ನಾಯಿಗಳ ಕಾಟ ತಪ್ಪಲಿ ಅಂತ. ಮೇಲೆ ಒಂದು ಕಲ್ಲು ಹೇರಿದರೆ ಮಂಕರಿ ಅಲ್ಲಾಡುತ್ತಿರಲಿಲ್ಲ. ಬಿಡಾರದಲ್ಲಿ ಹುಟ್ಟಿದ ಮಕ್ಕಳೂ ಮರಿಗಳ ಹಾಗೆ ಮಂಕರಿಯ ಅಡಿಯಲ್ಲೇ ನಿದ್ದೆ ಮಾಡಿದವರು. ನಾನೂ ಹಾಗೇ ಬೆಳೆದವನು.

ಕಾವಲಿಗೆ ಇರುವವನ ಕೆಲಸ ಒಂದೇ. ಹೊತ್ತು ತಿರುಗಿದ ಹಾಗೆ ಮರದ ನೆರಳು ತಿರುಗುತ್ತದಲ್ಲ, ಮಂಕರಿಗಳನ್ನೂ ನೆರಳಿಗೆ ಸರಿಸುತ್ತಾ ಹೋಗಬೇಕು. ಅದನ್ನು ಕಿವಿಯಿಂದ ಮಾಡುವುದನ್ನು ಅಪ್ಪ ನನಗೆ ಕಲಿಸಿದ್ದ. ಬಿಸಿಲು ತಾಗಿದರೆ ಮರಿ ಕೂಗುತ್ತದೆ. ಕೂಗಿದ ಮಂಕರಿಯನ್ನು ಎಳೆದರಾಯಿತು. ಪದೇ ಪದೇ ಎದ್ದು ನೋಡುವವನು ಹೊಸಬ ಎಂದು ನಮ್ಮವರು ನಗುತ್ತಿದ್ದರು. ನಾನಂತೂ ತಲೆ ಎತ್ತದೆ, ಯಾವ ಮರಿ ಕೂಗಿತು ಎಂದು ಹೇಳಬಲ್ಲವನು. ಆ ಜಂಬ ನನಗೆ ಮೈತುಂಬಾ ಇತ್ತು.

ಆ ದಿನ ಬೆಳಗಿನಿಂದಲೇ ಗಾಳಿ ಸತ್ತಿತ್ತು. ಅಪ್ಪ ಮಂದೆಯ ಹಿಂದೆ ಹೋದ. ಹೆಂಡತಿ ಕೂಸಿಗೆ ಹಾಲೂಡಿಸಿ, ಹೊಂಗೆ ಮರದ ಪಡುವಣ ನೆರಳಲ್ಲಿ ಕಂಬಳಿ ಹಾಸಿ ಮಲಗಿಸಿ, ಮಂಕರಿ ಕವುಚಿ ಕೊಡ ಎತ್ತಿಕೊಂಡಳು. ಹೊಳೆಯಲ್ಲಿ ನೀರಿರಲಿಲ್ಲ. ಮರಳು ತೋಡಿದ ಒರತೆಯಲ್ಲಿ ನೀರು ಜಿನುಗುವ ತನಕ ಕಾದು, ಚಿಪ್ಪಿನಿಂದ ಮೊಗೆದು ಕೊಡ ತುಂಬಿಸಬೇಕು. ಹೋದರೆ ಬರುವುದು ಮಧ್ಯಾಹ್ನವೇ.

“ಮಗೂನ್ ನೋಡ್ಕಳ್ರಿ. ಹೊಟ್ಟೆ ತುಂಬೈತೆ, ಮಲಗೈತೆ,” ಎಂದಳು.

“ನೋಡ್ಕಳ್ದೆ ಇನ್ನೇನ್ ಮಾಡ್ತೀನಿ? ಹೋಗೇ ಅತ್ಲಾಗೆ,” ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಆಮೇಲೆ ಹೊಲದ ಗೌಡರು ಬಂದರು. ವಯಸ್ಸಾದವರು, ಹುಲಿ-ಕುರಿ ಆಟದ ಹುಚ್ಚಿನವರು. ಬಂಡೆಯ ಮೇಲೆ ಇದ್ದಿಲಿನಲ್ಲಿ ಮನೆ ಬರೆದೆವು. ಅವರ ಹುಲಿಗೆ ಬೆಣಚು ಕಲ್ಲು, ನನ್ನ ಕುರಿಗೆ ಹುಣಸೆ ಬೀಜ. ಹಿಂದಿನ ದಿನ ಸೋತಿದ್ದೆ. ಅವತ್ತು ಅವರ ಹುಲಿಯನ್ನು ಕಟ್ಟದೆ ಬಿಡುವುದಿಲ್ಲ ಎಂಬ ಛಲ. ನಡುವೆ ಮರಿ ಕೂಗಿತು, ಎದ್ದು ಎಳೆದೆ. ಇನ್ನೊಂದು ಕೂಗಿತು, ಅದನ್ನೂ ಎಳೆದೆ. ಹೊತ್ತು ನೆತ್ತಿ ದಾಟುವಷ್ಟರಲ್ಲಿ ಮರಿಗಳ ಐದು ಮಂಕರಿಗಳೂ ಮರದ ಮೂಡಣಕ್ಕೆ ಬಂದಿದ್ದವು, ನಾವೂ ಆ ಕಡೆಯ ಬಂಡೆಗೆ ಬಂದು ಹೊಸದಾಗಿ ಮನೆ ಬರೆದುಕೊಂಡಿದ್ದೆವು. ಎಲ್ಲ ಸದ್ದಡಗಿತು. ಸದ್ದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೇ ನನ್ನ ಕಿವಿಯ ಲೆಕ್ಕ.

ಬೆನ್ನ ಹಿಂದೆ ಕೊಡ ಒಡೆದ ಸದ್ದಾಯಿತು.

“ಕಣ್ ಕಾಣಲ್ವೇನೇ? ಒಂದ್ ಕೊಡ ನೀರು ಮಣ್ಣುಪಾಲು ಮಾಡ್ದಲ್ಲೇ!” ಎಂದು ತಿರುಗಿಯೂ ನೋಡದೆ ಅರಚಿದೆ. ಈ ಮಾತು ನನ್ನ ಬಾಯಿಂದ ಬಂದದ್ದು ನಿಜ. ಮುಚ್ಚಿಡುವುದಿಲ್ಲ.

ತಿರುಗಿದಾಗ ಮರದ ಪಡುವಣಕ್ಕೆ, ಸುಡುವ ಬಿಸಿಲಿನ ನಡುವೆ ಆರನೆಯ ಮಂಕರಿ ಉರುಳಿ ಬಿದ್ದಿತ್ತು. ಹೆಂಡತಿಯ ಕೈಯಲ್ಲಿ ಕೂಸಿತ್ತು. ಅದರ ತಲೆ ಹಿಂದಕ್ಕೆ ಜೋತಿತ್ತು.

ಹತ್ತಿರ ಹೋಗಿ ಮುಟ್ಟಿದೆ. ಮೈ ಕಾದ ಹೆಂಚು. ಬೆವರಿಲ್ಲ, ತುಟಿ ಒಣಗಿದೆ, ಕಣ್ಣು ಅರೆ ತೆರೆದಿದೆ, ನೆತ್ತಿ ಕುಸಿದಿದೆ. ಮಗಳನ್ನು “ಅವ್ವಾ” ಎಂದು ಕರೆದೆ. ಕೇಳಿಸಿತೋ ಇಲ್ಲವೋ. ತಂದ ನೀರನ್ನೆಲ್ಲ ನೆಲ ಕುಡಿದಿತ್ತು. ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡು ಹೊಳೆಯ ಕಡೆ ಓಡತೊಡಗಿದಳು.

ನಾನೂ ಓಡಿದೆ. ನನ್ನ ಕಾಲಲ್ಲಿ ಎಕ್ಕಡ ಇತ್ತು. ಬಿಡಾರದಿಂದ ಒರತೆಗೆ ಒಂದು ಕೂಗಳತೆ, ಅಷ್ಟೂ ಬರೀ ಮರಳು. ಓಡುತ್ತಾ ಮನೆದೇವರಿಗೆ ನನ್ನ ಒಳ್ಳೆಯ ಟಗರನ್ನು ಹರಕೆ ಹೊತ್ತೆ. ಸಾಲದೆನಿಸಿ ಎರಡು ಎಂದೆ. ಆಮೇಲೆ ಇಡೀ ಮಂದೆಯನ್ನೇ ತಗೋ ಎಂದೆ.

ಒರತೆ ಬರಿದಾಗಿತ್ತು. ಈಗಷ್ಟೇ ಅವಳೇ ಮೊಗೆದಿದ್ದಳಲ್ಲ. ತಳದಲ್ಲಿ ಒಂದು ಬೊಗಸೆ ಕೆಸರು ನೀರು. ನಾನು ಗುಂಡಿಗೆ ಹಾರಿ ಎರಡೂ ಕೈಯಿಂದ ಮರಳು ಬಗೆದೆ. ನೀರು ಅದರ ಪಾಡಿಗೆ ತೊಟ್ಟು ತೊಟ್ಟಾಗಿ ಜಿನುಗುತ್ತಿತ್ತು. ಅದನ್ನು ಬೈದೆ, ಬೇಡಿಕೊಂಡೆ. ಹೆಂಡತಿ ಸೆರಗನ್ನು ಅದ್ದಿ ಕೂಸಿನ ತಲೆಗೆ, ಹೊಟ್ಟೆಗೆ ಒತ್ತುತ್ತಿದ್ದಳು. ಏದುಸಿರು ಬಿಡುತ್ತಾ ಗೌಡರು ಬಂದರು.

“ಬಾಯಿಗೆ ನೀರು ಹುಯ್ಯಬ್ಯಾಡ ತಾಯಿ, ನೆತ್ತಿಗೇರೀತು. ಹಸಿ ಮರಳ ಮ್ಯಾಲೆ ಮಲಗ್ಸು. ಲೇ ತಮ್ಮ, ಗಾಳಿ ಹಾಕು!” ಎಂದು ತಮ್ಮ ರುಮಾಲನ್ನು ಬಿಚ್ಚಿ ಕೊಟ್ಟರು.

ನಾನು ಗಾಳಿ ಹಾಕಿದೆ. ಎಷ್ಟು ಹೊತ್ತೋ ತಿಳಿಯದು. ಕೂಸಿನ ಎದೆಗೆ ಕಿವಿ ಇಟ್ಟರೆ ನನ್ನ ಗುಂಡಿಗೆಯ ಬಡಿತವೇ ಕೇಳುತ್ತಿತ್ತು. ಯಾವ ಮರಿ ಕೂಗಿತು ಎಂದು ಹೇಳಬಲ್ಲ ಕಿವಿಗೆ ನನ್ನ ಮಗಳ ಉಸಿರು ಸಿಗಲಿಲ್ಲ. ಅಷ್ಟು ಹೆದರಿಕೆಯನ್ನು ನಾನು ಆಮೇಲೆ ಯಾವತ್ತೂ ಕಾಣಲಿಲ್ಲ. ತೋಳವೂ ಅಷ್ಟು ಹೆದರಿಸಲಿಲ್ಲ.

ಮೊದಲು ಕಾಲಿನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ಗಂಟಲಲ್ಲಿ ಕುಂಯ್ ಎಂಬ ಸಣ್ಣ ಸದ್ದು. ಗೌಡರು, “ಅಳಲಿ, ಅಳಲಿ, ಮೈ ಹಿಡಿದು ಚಿವುಟು,” ಎಂದರು. ನನಗೆ ಕೈ ಬರಲಿಲ್ಲ. ಹೆಂಡತಿಯೇ ಚಿವುಟಿದಳು. ಕೂಸು ಮುಖ ಕಿವುಚಿ ಅತ್ತಿತು. ಹೋದ ಜೀವ ಬಂದಂತಾಯಿತು. ಅವಳು ಎದೆಗೆ ಹಾಕಿಕೊಂಡಳು. ಕೂಸು ಬಿಟ್ಟು ಬಿಟ್ಟು ಚೀಪತೊಡಗಿತು.

ಹೊತ್ತು ಇಳಿಯುವಾಗ ಅಪ್ಪ ಮಂದೆಯೊಂದಿಗೆ ಬಂದ. ಗೌಡರ ಬಾಯಲ್ಲಿ ಎಲ್ಲವನ್ನೂ ಕೇಳಿದ. ಕೋಲು ಎತ್ತುತ್ತಾನೆಂದುಕೊಂಡಿದ್ದೆ, ಎತ್ತಲಿಲ್ಲ. “ಕಿವೀಲಿ ಕಾಯಿ ಅಂತ ನಾನೇ ಕಣಲೇ ಕಲ್ಸಿದ್ದು,” ಎಂದು ಹೇಳಿ, ಮೊಮ್ಮಗಳ ಪಾದ ಮುಟ್ಟಿ ನೋಡಿ ಕುರಿಗಳ ಕಡೆ ನಡೆದ.

ಹೆಂಡತಿ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೇನೋ. ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಕಲ್ಲಿನ ಒಲೆ ಹಚ್ಚಿದಳು, ಮುದ್ದೆ ತೊಳಸಿದಳು. ನನ್ನ ಮುಂದೆ ತಂದಿಟ್ಟು ತಿರುಗಿ ಹೋಗುವಾಗ ನೋಡಿದೆ: ಅಂಗಾಲು ನೆಲಕ್ಕೆ ತಾಗಿಸದೆ ಪಾದದ ಅಂಚಿನ ಮೇಲೆ ನಡೆಯುತ್ತಿದ್ದಳು.

ಅವಳ ಕಾಲಲ್ಲಿ ಎಕ್ಕಡ ಇರಲಿಲ್ಲ ಎನ್ನುವುದು ಆಗ ನೆನಪಾಯಿತು. ಅವತ್ತು ಮಾತ್ರವಲ್ಲ, ಮದುವೆಯಾಗಿ ಬಂದ ದಿನದಿಂದ ಇರಲಿಲ್ಲ. ಆ ಸುಡುವ ಮರಳ ಮೇಲೆ ದಿನಾ ಕೊಡ ಹೊತ್ತು ಓಡಾಡಿದವಳು. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ, ನಾನೂ ತಿರುಗಿ ನೋಡಿರಲಿಲ್ಲ.

ಮುದ್ದೆ ಬಿಟ್ಟು ಎದ್ದು ಹೋದೆ. “ಕಾಲು ಸುಟ್ಟೈತೇನೇ?” ಎಂದೆ.

ಅವಳು ಒಲೆಯ ಮುಂದೆ ಕುಸಿದು ಕುಳಿತಳು. ಎದ್ದ ಬೊಬ್ಬೆಗಳು ಒಡೆದು ಅಂಗಾಲಿನ ತುಂಬಾ ಮರಳು ಮೆತ್ತಿತ್ತು. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ದನಿ ತೆಗೆದು ಅತ್ತಳು. ಕುರಿಗಳು ಮೇವು ಬಿಟ್ಟು ತಲೆ ಎತ್ತಿದವು, ಬೆನ್ನ ಮೇಲಿನ ಕೂಸೂ ಅವಳ ಜೊತೆಗೆ ಅಳತೊಡಗಿತು.

ನಾನು ಸುಮ್ಮನಿರು ಎನ್ನಲಿಲ್ಲ. ನನ್ನ ಎಕ್ಕಡ ಬಿಚ್ಚಿ ಅವಳ ಪಕ್ಕಕ್ಕೆ ಇಟ್ಟು ಹರಳೆಣ್ಣೆ ತರಲು ಹೋದೆ.